ಕೈ ಬಂದ ಮೇಲೆ ಮನೆಗೆ

ಪಕ್ಷವಾತ ಬಡಿದವರು ಆಸ್ಪತ್ರೆಯಲ್ಲಿ ಎಷ್ಟು ಕಾಲ ಇರಬೇಕಾಗುತ್ತದೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನನ್ನು ಕೇಳುವುದುಂಟು. ಮೊದಲು ಅವರ ಮನೆಯ ಬಾಗಿಲು ನೋಡಿ ಬನ್ನಿ, ಆಮೇಲೆ ಕೇಳಿ ಎನ್ನುತ್ತೇನೆ. ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಾರೆ, ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ. ಈ ಒಂದು ಪ್ರಶ್ನೆಯ ಹಿಂದೆ ಓಡಾಡಿಯೇ ನನ್ನ ಕೆಲಸದ ಬದುಕು ಕಳೆದದ್ದು. ಓಡಾಡಿದ್ದು ದಂಡವಾಗಲಿಲ್ಲ ಎಂಬ ಜಂಬ ನನಗೆ ಸಾಕಷ್ಟು ಇದೆ, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ನಾನು ದೇರೆಬೈಲಿನ ಬೇಸಾಯದ ಮನೆಯವಳು. ಮದುವೆಯಾದ ಹೊಸತರಲ್ಲೇ ಗಂಡ ಜ್ವರ ಬಂದು ತೀರಿಹೋದರು. ಮೂಲೆಯಲ್ಲಿ ಕುಳಿತಿರುವುದು ನನ್ನಿಂದಾಗದೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿಯಲು ಸೇರಿದೆ. ಕಂಡವರ ಮೈ ತೊಳೆಯುವ ಕೆಲಸ ಎಂದು ನೆಂಟರು ಮೂಗು ಮುರಿದರು. ಆಮೇಲೆ ಅದೇ ನೆಂಟರು ಕಾಯಿಲೆ ಬಿದ್ದಾಗ ಮೊದಲು ಕೇಳುತ್ತಿದ್ದದ್ದು ನನ್ನನ್ನೇ. ನನಗೊಂದು ಹೆಸರಿತ್ತು, ಆದರೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಮೇಲೆ ಎಲ್ಲರಿಗೂ ನಾನು ನರ್ಸಕ್ಕ.

ನನಗೆ ವಹಿಸಿದ್ದು ಹಿಂದಿನ ಉದ್ದದ ವಾರ್ಡು. ಕೈಕಾಲು ಬಿದ್ದುಹೋದವರು, ಬೆನ್ನುಹುರಿಗೆ ಪೆಟ್ಟಾದವರು, ಮಾತು ನಿಂತವರು ಅಲ್ಲಿಗೆ ಬರುತ್ತಿದ್ದರು. ನಿಮ್ಮ ಈಗಿನ ಫಿಸಿಯೋಥೆರಪಿ ಎಂಬ ಶಬ್ದವನ್ನು ನಾವು ಕೇಳಿರಲಿಲ್ಲ. ಎಣ್ಣೆ ತಿಕ್ಕುವುದು, ಮರಳಿನ ಚೀಲ ಕೊಟ್ಟು ಕಾಲು ನೇರ ಇಡುವುದು, ಬಿದಿರಿನ ಕೈಹಿಡಿಯ ಪಕ್ಕ ನಡೆಸುವುದು, ನಮ್ಮ ವಿದ್ಯೆ ಅಷ್ಟೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ವರ್ಷಗಳ ಮಾತು ಇದು.

ಆಸ್ಪತ್ರೆಯ ದೊಡ್ಡ ಡಾಕ್ಟರು ಮದರಾಸಿನಲ್ಲಿ ಓದಿದವರು. ಮಾತು ಕಡಿಮೆ, ಸಿಟ್ಟು ಬೇಗ. ಅವರ ಬೂಟಿನ ಸದ್ದು ಕೇಳಿದರೆ ವಾರ್ಡಿನ ಆಯಾಗಳು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವರಿಗೆ ಒಂದೇ ಚಿಂತೆ, ಮಂಚ. ಮಳೆಗಾಲ ಹಿಡಿದರೆ ಜ್ವರದವರು ಸಾಲುಗಟ್ಟಿ ಬರುತ್ತಿದ್ದರು, ಅವರನ್ನು ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸಬೇಕಾಗುತ್ತಿತ್ತು. ಒಳಗೆ ನೋಡಿದರೆ ನಮ್ಮ ಪಕ್ಷವಾತದವರು ತಿಂಗಳುಗಟ್ಟಲೆ ಮಂಚ ಬಿಟ್ಟು ಏಳುತ್ತಿರಲಿಲ್ಲ. ಒಂದೇ ಬಗೆಯ ಪೆಟ್ಟು, ಒಂದೇ ವಯಸ್ಸು, ಒಂದೇ ಔಷಧಿ. ಆದರೂ ಒಬ್ಬರು ಬೇಗ ಮನೆಗೆ ಹೋಗುತ್ತಿದ್ದರು, ಇನ್ನೊಬ್ಬರು ವಾರ್ಡಿನ ಕಂಬದ ಹಾಗೆ ನಿಂತುಬಿಡುತ್ತಿದ್ದರು. ಇದು ಯಾಕೆ ಎಂದು ಡಾಕ್ಟರು ನನ್ನನ್ನು ಕೇಳುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

ನನ್ನ ಕಣ್ಣು ತೆರೆಸಿದ್ದು ಬಜಪೆಯ ದುಗ್ಗಮ್ಮ. ಬಲಭಾಗ ಬಿದ್ದುಹೋಗಿದ್ದ ಅಜ್ಜಿ ಛಲಗಾತಿ. ಬಿದಿರು ಹಿಡಿದು, ಆಮೇಲೆ ಬಿದಿರು ಬಿಟ್ಟು, ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು. ನಾವು ಸಂತೋಷದಿಂದ ಎತ್ತಿನ ಗಾಡಿ ಹತ್ತಿಸಿ ಕಳಿಸಿದೆವು. ಸ್ವಲ್ಪ ದಿನದಲ್ಲೇ ಅದೇ ಗಾಡಿ ತಿರುಗಿ ಬಂತು. ಅಜ್ಜಿಯ ಹಣೆ ಊದಿತ್ತು, ಕಾಲೂರಲು ಹೆದರುತ್ತಿದ್ದರು. ಇನ್ನೊಮ್ಮೆ ವಾತ ಬಡಿಯಿತೋ ಎಂದು ಡಾಕ್ಟರು ತಲೆಯಿಂದ ಪಾದದವರೆಗೆ ಪರೀಕ್ಷೆ ಮಾಡಿದರು. ಹಾಗೇನೂ ಇರಲಿಲ್ಲ.

ಎಲ್ಲಿ ಬಿದ್ದಿರಿ ಎಂದು ಕೇಳಿದೆ. ನಾವಿಬ್ಬರೂ ಆಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಲ್ಲಿ ಅಂತ ಕೇಳಿದ್ರೆ, ನಮ್ಮ ಹೊಸ್ತಿಲಿನಲ್ಲೇ" ಎಂದರು ದುಗ್ಗಮ್ಮ.

"ಮೆಟ್ಟಿಲು ಹತ್ತುವಾಗ ಗಟ್ಟಿ ಇರುವ ಎಡಗಾಲು ಮೊದಲು ಇಡಿ ಅಂತ ಹೇಳಿಕೊಟ್ಟಿದ್ದೆ ಅಲ್ವಾ ಅಮ್ಮ?"

"ಅದು ನಿಮ್ಮ ಆಸ್ಪತ್ರೆಯ ಮೆಟ್ಟಿಲಿಗೆ. ಇಷ್ಟು ಸಮಯ ಕಳೆದು ಮನೆಗೆ ಕಾಲಿಡುವಾಗ ಎಡಗಾಲು ಇಡ್ಲಿಕ್ಕೆ ಆಗ್ತದಾ? ಮೊಮ್ಮಕ್ಕಳು ಓಡಾಡುವ ಮನೆ ಅದು."

ಸತ್ತ ಬಲಗಾಲನ್ನೇ ಎತ್ತಿ ಮೊಣಕಾಲೆತ್ತರದ ಹೊಸ್ತಿಲಿನ ಮೇಲೆ ಇಡಲು ಹೋಗಿದ್ದಾರೆ ಪುಣ್ಯಾತ್ಗಿತ್ತಿ. ಹಾಗಾದರೆ ಹಿಂಬಾಗಿಲಿನಿಂದ ಹೋಗಿ, ಅಲ್ಲಿ ಹೊಸ್ತಿಲು ತಗ್ಗು ಇರುತ್ತದಲ್ಲ ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಹಿಂಬಾಗಿಲಲ್ಲಿ ಹೋಗ್ಲಿಕ್ಕೆ ನಾನು ಎಂತ ಕದ್ದು ಓಡಿ ಬಂದವಳಾ?"

ಡಾಕ್ಟರಿಗೆ ಇದನ್ನು ಹೇಳಲು ನನಗೆ ಅಳುಕು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಎಡಗಾಲು ಮೊದಲು ಅಂತ ಪುಸ್ತಕದಲ್ಲಿ ಉಂಟು. ಬಜಪೆಯಲ್ಲಿ ಇಲ್ಲ" ಎಂದರು. "ಆಚಾರಿಯನ್ನು ಕರೆಸಿ. ವಾರ್ಡಿಗೆ ಒಂದು ಹೊಸ್ತಿಲು ಮಾಡಿಸುವ."

ಹಲಸಿನ ಮರದ ಬಾಗಿಲುಚೌಕಟ್ಟು ವಾರ್ಡಿನ ನಡುವೆ ಬಂದು ನಿಂತಿತು. ಬಾಗಿಲೂ ಇಲ್ಲ, ಗೋಡೆಯೂ ಇಲ್ಲ, ಬರೀ ಹೊಸ್ತಿಲು. ನೋಡಲು ಬಂದವರು ಇದೆಂತ ಅವಸ್ಥೆ ಎಂದು ನಗುತ್ತಿದ್ದರು. ದುಗ್ಗಮ್ಮ ನಗಲಿಲ್ಲ. ಬಲಗಾಲು ಎತ್ತುವುದನ್ನೇ ಹಟ ಹಿಡಿದು ಅಭ್ಯಾಸ ಮಾಡಿದರು, ಮೊದಲು ತಗ್ಗು ಹಲಗೆ, ಆಮೇಲೆ ಎತ್ತರದ್ದು. ಕೊನೆಗೆ ತಮ್ಮ ಮನೆಯ ಎದುರು ಬಾಗಿಲಿನಿಂದ, ಬಲಗಾಲಿಟ್ಟೇ ಒಳಗೆ ಹೋದರು. ಗಾಡಿಯವನು ಬಂದು ಸುದ್ದಿ ಹೇಳಿದಾಗ ಆಯಾಗಳೆಲ್ಲ ಸೇರಿ ಅವನಿಗೆ ಬೆಲ್ಲ ನೀರು ಕೊಟ್ಟರು.

ಅಲ್ಲಿಂದ ಮುಂದೆ ರೋಗಿಗಳ ಮನೆ ನೋಡಿ ಬರಲು ಡಾಕ್ಟರು ನನಗೆ ಅನುಮತಿ ಕೊಟ್ಟರು. ಆಗಿನ ಕಾಲದಲ್ಲಿ ಅದೊಂದು ದೊಡ್ಡ ಮಾತು. ಕೊಡೆ ಹಿಡಿದು ಊರು ಸುತ್ತಿದೆ. ಅಂಗಳದ ಆಚೆ ತುದಿಯಲ್ಲಿ ಪಾಯಿಖಾನೆ ಇರುವವರು ಬೇಗ ಮನೆಗೆ ಹೋಗುವುದಿಲ್ಲ. ಬಾವಿಯಿಂದ ನೀರೆಳೆಯುವ ಕೈ ಮನೆಯಲ್ಲಿ ತನ್ನದೊಂದೇ ಆದರೆ ಹೆಂಗಸು ಅರ್ಧ ಗುಣವಾಗಿಯೇ ಓಡಿಹೋಗುತ್ತಾಳೆ, ಮತ್ತೆ ಬಿದ್ದು ಬರುತ್ತಾಳೆ. ಪ್ರೀತಿ ಜಾಸ್ತಿಯಾದರೂ ಕಷ್ಟ. ಒಬ್ಬ ಮಗ ಅಪ್ಪನನ್ನು ದೇವರ ಹಾಗೆ ಎತ್ತಿಕೊಂಡೇ ತಿರುಗುತ್ತಿದ್ದ. ಆ ಅಪ್ಪನ ಕಾಲು ನೆಲ ಮುಟ್ಟಿಸಬೇಕಾದರೆ ನಾನು ಮಗನನ್ನು ವಾರ್ಡಿನಿಂದ ಹೊರಗೆ ಹಾಕಬೇಕಾಯಿತು. ಅವನು ಗೇಟಿನ ಬಳಿ ಕೂತು ಅತ್ತ, ಅಪ್ಪ ನಡೆದ.

ಇಷ್ಟೆಲ್ಲ ಗೊತ್ತಾಯಿತು ಎಂದು ನಾನು ಬೀಗುತ್ತಿದ್ದಾಗ ಕುದ್ರೋಳಿಯ ಹುಸೇನಬ್ಬ ಬ್ಯಾರಿಗಳು ಬಂದರು.

ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದವರು. ಆಜಾನುಬಾಹು, ಬಿಳಿಯ ಗಡ್ಡ, ತಮ್ಮ ಅಂಗಡಿಯ ಮುಂದೆ ಕುಸಿದುಬಿದ್ದಿದ್ದರು. ಬಲಗೈ, ಬಲಗಾಲು ಎರಡೂ ಹೋಗಿದ್ದವು, ನಾಲಿಗೆ ದಪ್ಪವಾಗಿ ಆಡಿದ ಮಾತು ಗುಡುಗುಡು ಎನ್ನುತ್ತಿತ್ತು. ಕಾಲು ಬೇಗ ಬಂತು. ನಮ್ಮ ಹಲಸಿನ ಹೊಸ್ತಿಲನ್ನು ಮೊದಲ ಯತ್ನದಲ್ಲೇ ದಾಟಿದರು. ಇವರು ನನ್ನ ಹೆಸರು ಉಳಿಸುತ್ತಾರೆ, ಬೇಗ ಮಂಚ ಬಿಡುತ್ತಾರೆ ಎಂದುಕೊಂಡೆ.

ಎಲ್ಲಿ ಬಿಡುತ್ತಾರೆ? ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ ಬೆಳಿಗ್ಗೆ ಅವರಿಗೆ ತಲೆ ತಿರುಗಿತು. ಮುಂದಿನ ವಾರ ಹೇಳಿದರೆ ಎದೆ ಭಾರ. ಅದರ ಮುಂದಿನ ವಾರ ಮತ್ತೆ ತಲೆ. ಡಾಕ್ಟರು ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ನನ್ನನ್ನು ಹೊರಗೆ ಕರೆದರು.

"ಮೈಯಲ್ಲಿ ಹೊಸ ಕಾಯಿಲೆ ಇಲ್ಲ. ಈ ಮನುಷ್ಯ ಮನೆಗೆ ಹೋಗ್ಲಿಕ್ಕೆ ಹೆದರ್ತಾರೆ. ಎಂತಕ್ಕೆ ಅಂತ ನೀವು ಕಂಡುಹಿಡೀರಿ."

ಒಂದು ವಿಷಯ ನಾನೂ ಗಮನಿಸಿದ್ದೆ. ಊಟದ ಹೊತ್ತಿಗೆ ಅವರು ಮಂಚದ ಸುತ್ತ ಪರದೆ ಎಳೆಸುತ್ತಿದ್ದರು. ಪರದೆಯ ಒಳಗೆ ಗೋಡೆಯ ಕಡೆ ಮುಖ ಮಾಡಿ, ಎಡಗೈಯಲ್ಲಿ ಚಮಚ ಹಿಡಿದು, ಕದ್ದು ತಿನ್ನುವವರ ಹಾಗೆ ಗಬಗಬ ತಿಂದು ಮುಗಿಸುತ್ತಿದ್ದರು. ಚಮಚ ಕೊಟ್ಟವರು ನಾವೇ. ಬೇಗ ಆಗುತ್ತದೆ, ಬಟ್ಟೆ ಕೊಳೆಯಾಗುವುದಿಲ್ಲ ಎಂದು ಬಲಗೈ ಹೋದ ಎಲ್ಲರಿಗೂ ಚಮಚ ಕೊಡುವುದು ಆಗ ನಮ್ಮ ಪದ್ಧತಿ.

ನಾನು ಕುದ್ರೋಳಿಗೆ ಹೋದೆ. ಅವರ ಹೆಂಡತಿ ಐಸಮ್ಮ ಒಳಗೆ ಕರೆದು ಚಾಯ ಕೊಟ್ಟರು. ಮನೆಯಲ್ಲಿ ನನಗೆ ಯಾವ ಅಡ್ಡಿಯೂ ಕಾಣಲಿಲ್ಲ. ಹೊಸ್ತಿಲು ತಗ್ಗು, ಬಾವಿ ಹತ್ತಿರ, ಕೆಲಸಕ್ಕೆ ಜನ ಇದ್ದಾರೆ, ಎಲ್ಲರೂ ಅವರ ದಾರಿ ಕಾಯುತ್ತಿದ್ದಾರೆ. ಬಂದ ದಾರಿಗೆ ಸುಂಕವಿಲ್ಲ ಎನ್ನುವ ಹಾಗೆ ಏಳಬೇಕು ಎನ್ನುವಷ್ಟರಲ್ಲಿ ಬಂದರಿನಿಂದ ಗಂಡಸರು ಊಟಕ್ಕೆ ಬಂದರು. ನಾನು ಒಳಕೋಣೆಯ ಮರದ ಜಾಲರಿಯಿಂದ ನೋಡುತ್ತಿದ್ದೆ.

ಚಾಪೆಯ ನಡುವೆ ಒಂದು ದೊಡ್ಡ ಹರಿವಾಣ ಇಟ್ಟರು. ಅದರ ತುಂಬ ಅನ್ನ, ಮೇಲೆ ಮೀನಿನ ಸಾರು. ಗಂಡಸರೆಲ್ಲ ಅದರ ಸುತ್ತ ಕುಳಿತರು, ಎಲ್ಲರಿಗೂ ಅದೊಂದೇ ತಟ್ಟೆ. ಸುತ್ತಿನಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟಿದ್ದರು. ಯಾರೂ ಕೈ ಹಾಕದೆ ಒಂದು ಗಳಿಗೆ ಸುಮ್ಮನೆ ಕುಳಿತರು. ಆಮೇಲೆ ಹುಸೇನಬ್ಬರ ತಮ್ಮ ಉಮ್ಮರ್ ಮನಸ್ಸಿಲ್ಲದ ಮನಸ್ಸಿನಿಂದ ಮೊದಲ ತುತ್ತು ತೆಗೆದರು.

"ಮೊದಲು ಕೈ ಇಡುವುದು ಇವರು" ಎಂದರು ಐಸಮ್ಮ. "ಇವರು ಇಟ್ಟ ಮೇಲೆ ಉಳಿದವರು. ಆ ಜಾಗದಲ್ಲಿ ಉಮ್ಮರ್ ಕೂಡ ಕೂರುವುದಿಲ್ಲ."

ನನಗೆ ಆಗ ಹೊಳೆಯಿತು. ಎಲ್ಲರ ಕೈ ಬೀಳುವ ಹರಿವಾಣಕ್ಕೆ ಈ ಮನುಷ್ಯ ಎಡಗೈ ಹಾಕುವುದು ಹೇಗೆ? ಬೇರೆ ತಟ್ಟೆ ಕೊಟ್ಟು ಚಮಚ ಇಟ್ಟರೆ ತನ್ನ ಮನೆಯಲ್ಲೇ ಅವರು ಪರದೆಯ ಒಳಗಿನ ರೋಗಿ.

ಅಷ್ಟರಲ್ಲಿ ಅವರ ಒಬ್ಬಳೇ ಮಗಳು ಬೀಫಾತಿಮ ನನ್ನ ಪಕ್ಕ ಬಂದು ಕೂತಳು. ತಲೆಯ ಮೇಲಿನ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. "ಬಾಪನ ಕೈ ಬರ್ತದಾ ನರ್ಸಕ್ಕ?"

ಅವಳ ನಿಖಾಹ್ ಗೊತ್ತಾಗಿತ್ತು. ಹುಡುಗನ ಮನೆಯವರದು ಸರಕು ಸಾಗಿಸುವ ಮಂಜಿ, ಹಾಯಿ ಕಟ್ಟಿದ ದೊಡ್ಡ ದೋಣಿ. ಮಳೆಗೆ ಮುಂಚೆ ಮಂಜಿಗಳು ದಡ ಸೇರಿದ ಕೂಡಲೇ ಮದುವೆ. ಹುಡುಗಿಯ ಅಪ್ಪ ಹುಡುಗನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ನನ್ನ ಮಗಳನ್ನು ನಿನಗೆ ಕೊಟ್ಟಿದ್ದೇನೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳುವುದು ಅವರಲ್ಲಿ ಕ್ರಮ. ಅಪ್ಪನಿಗೆ ಆಗದಿದ್ದರೆ ಅವನ ಪರವಾಗಿ ಇನ್ನೊಬ್ಬರು ಹಿಡಿಯಬಹುದು, ಅದರಲ್ಲಿ ಕೊರತೆಯಿಲ್ಲ ಎಂದು ಮಸೀದಿಯ ಗುರುಗಳಾದ ಮುಸ್ಲಿಯಾರರೂ ಹೇಳಿದ್ದರಂತೆ. ಉಮ್ಮರ್ ತಯಾರಿದ್ದರು. ಅಣ್ಣನ ಜಾಗದ ಆಸೆಯಿಂದ ಅಲ್ಲ, ಅಣ್ಣನ ಮೇಲೆ ಜೀವ ಇಟ್ಟುಕೊಂಡವರು ಅವರು.

"ಬಾಪ ಎಂತ ಹೇಳ್ತಾರೆ?" ಎಂದೆ.

"ಕೈ ಬಂದ ಮೇಲೆ ಮನೆಗೆ ಅಂತ ಹೇಳಿ ಕಳಿಸಿದ್ದಾರೆ. ಕೈ ಬರದಿದ್ರೆ ಬರುವುದೇ ಇಲ್ವಂತೆ." ಹುಡುಗಿಯ ಕಣ್ಣು ತುಂಬಿತು.

ವಾರ್ಡಿಗೆ ಬಂದವಳೇ ಅವರ ಪರದೆ ಸರಿಸಿದೆ. "ಬ್ಯಾರಿಗಳೇ, ನಿಮ್ಮ ತಲೆ ತಿರುಗುವ ಕಾಯಿಲೆ ಎಂತದ್ದು ಅಂತ ನನಗೆ ಗೊತ್ತಾಯ್ತು. ಬೇರೆಯವರು ಕೈ ಹಿಡಿದ್ರೂ ಆಗ್ತದೆ ಅಂತ ಮುಸ್ಲಿಯಾರ್ರು ಹೇಳಿದ್ದಾರಂತಲ್ಲ?"

ಅವರು ದಪ್ಪ ನಾಲಿಗೆಯಲ್ಲಿ ನಿಧಾನವಾಗಿ ಹೇಳಿದರು. "ಆಗ್ತದೆ ಅಂತ ಎಲ್ಲರೂ ಹೇಳ್ತಾರೆ. ನನಗೆ ಆಗ್ಬೇಕಲ್ಲ ನರ್ಸಕ್ಕ."

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕೈ ಮುಟ್ಟಿ ನೋಡಿದರು, ಭುಜ ತಿರುಗಿಸಿದರು. ಕೈ ಬರುತ್ತದೆ ಎಂದು ಮಾತು ಕೊಡಲಾರೆ, ಆದರೆ ಭುಜದಲ್ಲಿ ಜೀವ ಉಂಟು ಎಂದರು. ಮಳೆ ಹಿಡಿಯುವವರೆಗೆ ಮಂಚ ಅವರದು. ಆಮೇಲೆ ಜ್ವರದವರಿಗೆ ಬೇಕು, ಕೈ ಬಂದರೂ ಬರದಿದ್ದರೂ ಹೋಗಲೇಬೇಕು. ಹೀಗೆ ಮಂಜಿ ದಡಕ್ಕೆ ಬರುವುದೂ ಮಂಚ ಬಿಡುವುದೂ ಒಂದೇ ಗಡುವಿಗೆ ಬಂದು ನಿಂತವು.

ಮೊದಲ ಕೆಲಸವಾಗಿ ಚಮಚ ಕಿತ್ತುಕೊಂಡೆ. ಎರಡನೆಯದು ಪರದೆ. ಅನ್ನದ ಅಗುಳು ಹಿಡಿಯುವುದು ಸೋತ ಬೆರಳಿಗೆ ಸಾಧ್ಯವಿಲ್ಲ ಎಂದು ನನಗೆ ಗೊತ್ತಿತ್ತು, ಹಾಗಾಗಿ ಪುಂಡಿ ತರಿಸಿದೆ. ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ ಪುಂಡಿಯಷ್ಟು ಒಳ್ಳೆಯ ಸಾಧನ ಯಾವ ಆಸ್ಪತ್ರೆಯಲ್ಲೂ ಇಲ್ಲ. ಮುಷ್ಟಿ ತುಂಬುತ್ತದೆ, ಜಾರುವುದಿಲ್ಲ, ಅಮುಕಿದರೆ ಸ್ವಲ್ಪ ಬಗ್ಗುತ್ತದೆ, ಬಾಯಿಗೆ ಮುಟ್ಟಿಸಿದರೆ ಹೊಟ್ಟೆಯೂ ತುಂಬುತ್ತದೆ. ಐಸಮ್ಮ ಮಾಡಿ ಕೊಡುವುದು, ಉಮ್ಮರ್ ಬಂದರಿಗೆ ಹೋಗುವ ದಾರಿಯಲ್ಲಿ ತಂದು ಕೊಡುವುದು ಎಂದಾಯಿತು. ಮೊದಮೊದಲು ಪುಂಡಿ ಬಾಯಿಗಿಂತ ಹೆಚ್ಚು ನೆಲಕ್ಕೇ ಹೋಯಿತು. ನಮ್ಮ ಜಗಲಿಯ ಕಾಗೆಗಳು ಆ ವರ್ಷ ಕೊಬ್ಬಿದಷ್ಟು ಯಾವಾಗಲೂ ಕೊಬ್ಬಿರಲಿಕ್ಕಿಲ್ಲ.

ನಾಲಿಗೆಗೆ ಬೇರೆ ಮದ್ದು. ನಿಖಾಹಿನ ಮಾತನ್ನೇ ಹೇಳಿ ಅಭ್ಯಾಸ ಮಾಡಿ ಎಂದೆ. ಅವರು ತಲೆ ಅಡ್ಡ ಆಡಿಸಿದರು. "ಅದು ಆಟಕ್ಕೆ ಹೇಳುವ ಮಾತಲ್ಲ. ಒಂದೇ ಸಲ ಹೇಳುವುದು." ಹಾಗಾದರೆ ನಿಮಗೆ ಗೊತ್ತಿರುವ ಬೇರೆ ಏನಾದರೂ ಹೇಳಿ ಎಂದೆ. ಅಂದಿನಿಂದ ಬೆಳಿಗ್ಗೆ ಎದ್ದರೆ ವಾರ್ಡಿನಲ್ಲಿ ಮೀನಿನ ಹರಾಜು. ಬಂಗುಡೆ, ಬೂತಾಯಿ, ಅಂಜಲ್, ಕೊಡ್ಡಾಯಿ ಎಂದು ಕೂಗುತ್ತಿದ್ದರು. ಮೀನು ಮುಟ್ಟದ ಒಬ್ಬ ಭಟ್ಟರು ಆ ಕಡೆಯ ಮಂಚದಲ್ಲಿದ್ದರು. ದಿನಾ ಕೇಳಿ ಕೇಳಿ ಅವರಿಗೂ ಬಾಯಿಪಾಠವಾಯಿತು, ಬ್ಯಾರಿಗಳು ಒಂದು ಹೆಸರು ಬಿಟ್ಟರೆ ಅವರೇ ಎತ್ತಿಕೊಡುತ್ತಿದ್ದರು.

ಕೈ ಹಿಡಿಯುವ ಅಭ್ಯಾಸಕ್ಕೆ ಗಂಡಸಿನ ಕೈ ಬೇಕಿತ್ತು. ಪಕ್ಕದ ಮಂಚದ ತ್ಯಾಂಪಣ್ಣನಿಗೆ ಬಿದ್ದದ್ದು ಎಡಭಾಗ, ಬಲಗೈ ಗಟ್ಟಿ. ಹಾರೆ ಹಿಡಿದ ಕೈ. ಇಬ್ಬರೂ ಎದುರುಬದುರು ಕುಳಿತು ಕೈ ಹಿಡಿಯುತ್ತಿದ್ದರು.

"ನರ್ಸಕ್ಕ, ಬ್ಯಾರಿಗಳು ದಿನಾ ಎರಡು ಸಲ ನನ್ನನ್ನು ಅಳಿಯ ಮಾಡ್ತಾರೆ" ಎನ್ನುತ್ತಿದ್ದ ತ್ಯಾಂಪಣ್ಣ. "ನನ್ನ ಹೆಂಡತಿಗೆ ಗೊತ್ತಾದ್ರೆ ನನಗೆ ಇನ್ನೊಂದು ಭಾಗವೂ ಬೀಳ್ತದೆ ಮಾರಾಯ್ರೆ."

ನಿಧಾನವಾಗಿ ಭುಜ ಎದ್ದಿತು, ಮೊಣಕೈ ಮಡಚಿತು. ಒಂದು ಬೆಳಿಗ್ಗೆ ಪುಂಡಿ ಯಾರ ಸಹಾಯವೂ ಇಲ್ಲದೆ ಬಲಗೈಯಲ್ಲಿ ಬಾಯಿಗೆ ಹೋಯಿತು. ವಾರ್ಡೇ ಎದ್ದು ಕೂತಿತು. ನಾನು ಓಡಿ ಹೋಗಿ ಡಾಕ್ಟರನ್ನು ಕರೆತಂದೆ. ಅವರು ತಮ್ಮ ಬಲಗೈ ಮುಂದೆ ಚಾಚಿದರು. ಹುಸೇನಬ್ಬರು ಗಟ್ಟಿಯಾಗಿ ಹಿಡಿದರು. ಗೆದ್ದೆವು ಎಂಬಂತೆ ನಾನು ನಗುತ್ತಿದ್ದೆ.

"ಒಳ್ಳೆಯದು. ಈಗ ಬಿಡಿ" ಎಂದರು ಡಾಕ್ಟರು.

ಬಿಡಲು ಆಗಲಿಲ್ಲ. ಬಿಡಬೇಕು ಎಂದು ಯೋಚಿಸಿದಷ್ಟೂ ಮುಷ್ಟಿ ಬಿಗಿಯಾಯಿತು. ಡಾಕ್ಟರು ಒಂದೊಂದೇ ಬೆರಳು ಬಿಡಿಸಿಕೊಂಡರು. ಹಿಡಿತ ಬಂದದ್ದನ್ನೇ ನೋಡುತ್ತ ಕುಣಿಯುತ್ತಿದ್ದ ನನಗೆ ಬೆರಳು ಬಿಚ್ಚುವುದು ಬೇರೆಯೇ ಕೆಲಸ ಎಂಬುದು ಹೊಳೆದಿರಲಿಲ್ಲ. ಪುಂಡಿ ಬಾಯಿಗೆ ಹೋದಾಗಲೂ ಅವರು ಅದನ್ನು ಹಲ್ಲಿನಿಂದ ಕಿತ್ತುಕೊಂಡಿದ್ದರೇ ಹೊರತು ಕೈ ಬಿಟ್ಟಿರಲಿಲ್ಲ.

ಹುಸೇನಬ್ಬರು ಗೋಡೆಯ ಕಡೆ ತಿರುಗಿ ಮಲಗಿದರು. ಮರುದಿನ ಪುಂಡಿಯೂ ಬೇಡ, ಹರಾಜೂ ಬೇಡ. ಅಷ್ಟರಲ್ಲಿ ಸಂಜೆಯ ಗುಡುಗು ಶುರುವಾಗಿತ್ತು, ಮಂಜಿಗಳು ಒಂದೊಂದಾಗಿ ದಡಕ್ಕೆ ಬರುತ್ತಿದ್ದವು. ಉಮ್ಮರ್ ಬಂದು ಮಂಚದ ಪಕ್ಕ ನಿಂತರು. ಅಣ್ಣನನ್ನು ಅವರು ಕಾಕ ಎಂದು ಕರೆಯುತ್ತಿದ್ದರು.

"ಕಾಕ, ನಾನು ಹಿಡಿತೇನೆ. ನಿಮ್ಮ ಹೆಸರಿನಲ್ಲೇ ಹಿಡಿತೇನೆ. ನೀವು ಬಂದು ಕೂತ್ರೆ ಸಾಕು."

ಹುಸೇನಬ್ಬರು ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡರು. ಉಮ್ಮರ್ ಕಣ್ಣೊರೆಸಿಕೊಂಡು ಹೋದರು. ನನಗೆ ಸಿಟ್ಟು ಬಂತು. ರೋಗಿಯ ಮೇಲೆ ಸಿಟ್ಟು ಮಾಡಬಾರದು ಎಂದು ನಿಮಗೆ ಕಲಿಸಿರುತ್ತಾರೆ, ನನಗೂ ಕಲಿಸಿದ್ದರು.

"ಕಾಲು ಬಂತು, ಮಾತು ಬಂತು, ಮುಷ್ಟಿ ಬಂತು" ಎಂದೆ. "ಇನ್ನು ಬೆರಳು ಬಿಚ್ಚುವುದೊಂದು ಬಾಕಿ. ಇಷ್ಟು ಬಂದ ಮೇಲೆ ಗೋಡೆ ನೋಡಿ ಮಲಗ್ತೀರಾ? ಅಲ್ಲಿ ಆ ಹುಡುಗಿ ನಿಮ್ಮ ಕೈ ಬರ್ತದಾ ಅಂತ ನನ್ನ ಹತ್ರ ಕೇಳ್ತಾಳೆ. ನಾನು ಎಂತ ಹೇಳ್ಲಿ? ನಿಮ್ಮ ಬಾಪ ಮಲಗಿದ್ದಾರೆ ಅಂತ ಹೇಳ್ಲಾ?"

ಅವರು ಗೋಡೆಯಿಂದ ಈ ಕಡೆ ತಿರುಗಿದರು. ಆಮೇಲೆ ಎದ್ದು ಕೂತು ಬಲಗೈಯನ್ನು ನನ್ನ ಮುಂದೆ ಇಟ್ಟರು.

ಉಪಾಯ ಸಿಕ್ಕಿದ್ದು ಡಾಕ್ಟರಿಗೆ. ಮಣಿಕಟ್ಟನ್ನು ಕೆಳಗೆ ಬಗ್ಗಿಸಿದರೆ ಬೆರಳುಗಳು ತಾವಾಗಿ ಸಡಿಲವಾಗುತ್ತವೆ ಎಂದು ಅವರು ತಮ್ಮ ಕೈಯಲ್ಲೇ ತೋರಿಸಿಕೊಟ್ಟರು. ಎಳೆಯಬಾರದು, ಅವಸರ ಮಾಡಬಾರದು, ಉಸಿರು ಬಿಟ್ಟು ಮಣಿಕಟ್ಟು ಇಳಿಸಬೇಕು. ನೀವೂ ಮಾಡಿ ನೋಡಿ, ಈಗಲೂ ನಿಜ. ಪುಂಡಿ ತಟ್ಟೆಯಿಂದ ತೆಗೆಯುವುದರ ಬದಲು ತಟ್ಟೆಗೆ ಇಡುವುದು ಶುರುವಾಯಿತು. ತ್ಯಾಂಪಣ್ಣನ ಕೈ ಹಿಡಿಯುವುದು, ಬಿಡುವುದು. ಆರಾಮವಾಗಿ ಕೂತಿದ್ದರೆ ಬೆರಳು ಬಿಚ್ಚುತ್ತಿತ್ತು. ಮನಸ್ಸು ಸ್ವಲ್ಪ ಕಲಕಿದರೆ ಮತ್ತೆ ಕಲ್ಲು. ಅಷ್ಟಕ್ಕೇ ನಿಖಾಹಿನ ದಿನ ಬಂದುಬಿಟ್ಟಿತು.

ಬೆಳಿಗ್ಗೆ ಕರೆದುಕೊಂಡು ಹೋಗಿ, ಸಂಜೆಯೊಳಗೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ನನಗೆ ತಾಕೀತು ಮಾಡಿದರು. ಅಲ್ಲಿ ಎಲ್ಲರೆದುರು ಕೈ ಸೋತರೆ ಈ ಮನುಷ್ಯ ಮತ್ತೆ ಏಳುವುದಿಲ್ಲ ಎಂಬ ಹೆದರಿಕೆ ಅವರಿಗೂ ಇತ್ತು. ಜಟಕಾ ಗಾಡಿ ಬಂತು. ಹುಸೇನಬ್ಬರು ಬಿಳಿ ಅಂಗಿ ತೊಟ್ಟು, ಬಿಳಿ ಮುಂಡಾಸು ಸುತ್ತಿ ಹತ್ತಿದರು. ತ್ಯಾಂಪಣ್ಣ ಕಿಟಕಿಯಿಂದ ಕೂಗಿದ, ಹಳೆಯ ಅಳಿಯನನ್ನು ಮರೀಬೇಡಿ ಎಂದು.

ನಾನು ಹೆಂಗಸರ ಕಡೆ ಕೂತೆ. ಜಾಲರಿಯ ಆಚೆ ಚಪ್ಪರದಲ್ಲಿ ಗಂಡಸರು ತುಂಬಿದ್ದರು. ಮದುಮಗಳು ಬೀಫಾತಿಮ ಜಾಲರಿಗೆ ಹಣೆ ಒತ್ತಿ ಕೂತಿದ್ದಳು, ಮದುಮಗಳು ಹಾಗೆ ನೋಡಬಾರದು ಎಂದು ಯಾರೋ ಗೊಣಗಿದರೂ ಕೇಳಲಿಲ್ಲ. ಮದುಮಗನನ್ನು ತಂದು ಹುಸೇನಬ್ಬರ ಎದುರು ಕೂರಿಸಿದರು. ಪಕ್ಕದಲ್ಲಿ ಉಮ್ಮರ್, ಏನಾದರೂ ಆದರೆ ಎಂದು ಸಿದ್ಧವಾಗಿ.

ಹುಸೇನಬ್ಬರ ಬಲಗೈ ಎದ್ದಿತು. ನಿಧಾನವಾಗಿ ಎದ್ದಿತು, ಹುಡುಗನ ಕೈಯನ್ನು ಹಿಡಿಯಿತು. ಅವರು ಆ ಮಾತು ಹೇಳಿದರು. ಒಂದು ಅಕ್ಷರವೂ ದಪ್ಪವಾಗಲಿಲ್ಲ, ಒಂದೂ ಜಾರಲಿಲ್ಲ. ಹುಡುಗ ಸ್ವೀಕರಿಸಿದೆ ಎಂದ. ಐಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಆಮೇಲೆ ಕೈ ಬಿಡಬೇಕು. ಬಿಡಲಿಲ್ಲ. ನೋಡುವವರಿಗೆ ಅದು ಅಪ್ಪನ ಮಮತೆಯಂತೆ ಕಂಡಿರಬೇಕು, ಕೆಲವರು ತಲೆದೂಗಿದರು. ನಾನು ಮಾತ್ರ ಅವರ ಮುಷ್ಟಿಯನ್ನೇ ನೋಡುತ್ತಿದ್ದೆ. ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಹುಡುಗ ಮೆಲ್ಲನೆ ಕೈ ಹಿಂದೆಳೆದ, ಮುಷ್ಟಿ ಇನ್ನೂ ಬಿಗಿಯಾಯಿತು. ಉಮ್ಮರ್ ಬಗ್ಗಿ ಬೆರಳು ಬಿಡಿಸಲು ಕೈ ಚಾಚಿದರು. ಜಾಲರಿಯ ಹಿಂದಿನಿಂದ ಮಣಿಕಟ್ಟು, ಮಣಿಕಟ್ಟು ಎಂದು ಕೂಗಬೇಕೆನಿಸಿತು, ನಿಖಾಹಿನ ನಡುವೆ ಆ ಕಡೆ ಹೆಂಗಸಿನ ದನಿ ಹೋಗುವಂತಿರಲಿಲ್ಲ. ಬೀಫಾತಿಮ ನನ್ನ ತೋಳಿಗೆ ಉಗುರು ಊರಿದಳು.

ಹುಸೇನಬ್ಬರು ಎಡಗೈಯಿಂದ ತಮ್ಮನನ್ನು ತಡೆದರು. ಹುಡುಗನ ಮುಖ ನೋಡಿ ನಕ್ಕರು. "ಎಳೀಬೇಡ ಮಾರಾಯ. ಸ್ವಲ್ಪ ತಾಳು. ನನಗೆ ಗೊತ್ತುಂಟು" ಎಂದರು, ಚಪ್ಪರದ ತುದಿಗೂ ಕೇಳುವಂತೆ. ಉದ್ದಕ್ಕೆ ಉಸಿರು ಬಿಟ್ಟರು. ಮಣಿಕಟ್ಟು ಇಳಿಯಿತು. ಹೆಬ್ಬೆರಳು ಬಿಚ್ಚಿತು, ಆಮೇಲೆ ತೋರುಬೆರಳು, ಆಮೇಲೆ ಉಳಿದವು. ಕೈ ಪೂರ್ತಿ ಬಿಚ್ಚಿಕೊಂಡು ಅವರ ಮೊಣಕಾಲಿನ ಮೇಲೆ ಬಂದು ಕೂತಿತು. ನಾನು ಮದುಮಗಳನ್ನು ಅಪ್ಪಿಕೊಂಡು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. ಅಷ್ಟು ಸಂತೋಷ ನನಗೆ ಬದುಕಿನಲ್ಲಿ ಮತ್ತೆ ಆಗಿಲ್ಲ.

ಊಟಕ್ಕೆ ಹರಿವಾಣಗಳನ್ನು ತಂದಿಟ್ಟರು. ಗಾಡಿಯವನು ಅವಸರ ಮಾಡುತ್ತಿದ್ದ, ಮೋಡ ಕಟ್ಟುವ ಮೊದಲು ಹೊರಡಬೇಕು ಎಂದು. ನಾನು ಒಳಬಾಗಿಲ ಬಳಿ ನಿಂತು, ಬ್ಯಾರಿಗಳೇ, ಉಂಡಾದ ಕೂಡಲೇ ಹೊರಡುವ ಎಂದೆ. ಅವರು ತಮ್ಮ ಜಾಗದಲ್ಲಿ ಕೂತಿದ್ದರು. ಅಳಿಯ ಬಲಕ್ಕೆ, ತಮ್ಮ ಎಡಕ್ಕೆ. ಎಲ್ಲರೂ ಅವರ ಕೈಯನ್ನೇ ಕಾಯುತ್ತಿದ್ದರು.

"ಗಾಡಿ ಕಳಿಸಿಬಿಡಿ ನರ್ಸಕ್ಕ" ಎಂದರು ಹುಸೇನಬ್ಬರು, ಮತ್ತು ಹರಿವಾಣಕ್ಕೆ ಬಲಗೈ ಇಟ್ಟರು.

ಆ ಖಾಲಿ ಗಾಡಿಯ ನಡುಮಧ್ಯದಲ್ಲಿ ನಾನೊಬ್ಬಳೇ ಕಾಲು ಚಾಚಿ ಕೂತು ಆಸ್ಪತ್ರೆಗೆ ಬಂದೆ. ಡಾಕ್ಟರು ಗೇಟಿನ ಹತ್ತಿರವೇ ನಿಂತಿದ್ದರು. ಕಾಯುತ್ತಿರಲಿಲ್ಲ ಎಂದು ತೋರಿಸಲು ಕೈಯಲ್ಲಿ ಏನೋ ಕಾಗದ ಹಿಡಿದಿದ್ದರು. ಗಾಡಿಯ ಒಳಗೆ ಇಣುಕಿದರು, ಅವರ ಮುಖ ಸಣ್ಣದಾಯಿತು.

"ರೋಗಿ ಎಲ್ಲಿ?"

"ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ ಸಾರ್" ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಹಾಗಾದ್ರೆ ಹಾಸಿಗೆ ಬಿಸಿಲಿಗೆ ಹಾಕ್ಸಿ" ಎಂದು ಹೇಳಿ ಒಳಗೆ ನಡೆದರು. ಆಯಾಗಳು ಓಡಿ ಬಂದರು. ಯಾರನ್ನೂ ಮುಟ್ಟಲು ಬಿಡದೆ ಆ ಹಾಸಿಗೆಯನ್ನು ನಾನೇ ಹೊತ್ತುಕೊಂಡು ಹೋಗಿ ಅಂಗಳದ ಬಿಸಿಲಿನಲ್ಲಿ ಹಾಸಿದೆ.